ಹದಿನಾಲ್ಕನೇ ಬಾವಿಯ ಸಹಿ

ಅಕ್ಟೋಬರ್ ಇಪ್ಪತ್ತೇಳರ ಸೋಮವಾರ ಝರೂನ್ ದೇಶದ ಹದಿನಾಲ್ಕನೇ ಎಣ್ಣೆ ಬಾವಿಯ ಪಕ್ಕದಲ್ಲಿ ಊಟಕ್ಕೆ ಕುಳಿತ ಹತ್ತೊಂಬತ್ತು ಜನ ಕೂಲಿಗಳು ಸತ್ತರು. ಬಾವಿಯ ಮೇಲೆ ಉರಿಯುತ್ತಿದ್ದ ಬೆಂಕಿಯನ್ನು ಆರಿಸಿದ್ದರು. ಬಾವಿಯ ವಿಷಾನಿಲವನ್ನು ನಿಲ್ಲಿಸಿರಲಿಲ್ಲ. ನಿಲ್ಲಿಸಲಾಗಿದೆ ಎಂಬ ಪ್ರಮಾಣಪತ್ರಕ್ಕೆ ಅದಕ್ಕೂ ಮೂರು ದಿನ ಮೊದಲು, ಶುಕ್ರವಾರ ಮಧ್ಯಾಹ್ನ ಹನ್ನೆರಡು ಗಂಟೆ ನಾಲ್ಕು ನಿಮಿಷಕ್ಕೆ, ಅಮೆರಿಕದ ಶಿಕಾಗೋ ಹತ್ತಿರದ ಪ್ಲೇನ್‌ಫೀಲ್ಡಿನ ಒಂದು ಮನೆಯ ಲ್ಯಾಪ್‌ಟಾಪಿನಿಂದ ಸಹಿ ಬಿದ್ದಿತ್ತು.

ಆ ಮನೆಯ ಗರಾಜಿನ ಬಾಗಿಲಲ್ಲಿ ಗಂಡಸಿನ ಬೂಟು ಕಂಡು ನೀಲಾಂಬಿಕಾ ನಿಂತರು. ಮನೆಯ ಗಂಡಸು ಮೂರು ವಾರದಿಂದ ಡೆಟ್ರಾಯಿಟ್ ಹತ್ತಿರದ ಜೈಲಿನಲ್ಲಿದ್ದಾನೆ. ಬೂಟು ಹೊಸದು, ಇಟಲಿಯದು. ಹಿಮ ಒರೆಸಿ ಜೋಡಿಯಾಗಿ ಇಟ್ಟದ್ದು.

"ಬರ್ರಿ ಮೇಡಂ, ಬರ್ರಿ," ಎಂದು ಒಳಗಿನಿಂದ ಧಾರವಾಡದ ಮಾತನ್ನು ಅಣಕಿಸುವ ದನಿಯೊಂದು ಕರೆಯಿತು. "ಕಾಫಿಗೆ ಕರೆಕ್ಟ್ ಟೈಮಿಗೆ ಬಂದ್ರಿ."

ನಿರಂಜನ್. ಡೆಸ್ ಪ್ಲೇನ್ಸ್‌ನ ಪ್ರೇರಿಮಾರ್ಕ್ ಕಂಪನಿಯ ಡೈರೆಕ್ಟರ್, ಮೈಸೂರಿನವನು. ದೀಪಾವಳಿ ಕಾರ್ಯಕ್ರಮದ ವೇದಿಕೆಯಲ್ಲಿ ಪ್ರತಿ ವರ್ಷ ದೀಪ ಹಚ್ಚುವವನು. ಜೈಲಿನಲ್ಲಿರುವ ಸ್ವರೂಪ ಅವನ ಕೈಕೆಳಗಿನ ಎಂಜಿನಿಯರ್.

ನೀಲಾಂಬಿಕಾ ಗದಗಿನವರು. ಇಪ್ಪತ್ತಾರು ವರ್ಷ ವಿಮೆಯ ಸುಳ್ಳು ಕ್ಲೇಮುಗಳನ್ನು ಬೆನ್ನು ಹತ್ತಿ ಹಿಡಿದು ನಿವೃತ್ತರಾದವರನ್ನು ಸ್ವರೂಪನ ವಕೀಲ ತನಿಖೆಗೆ ಹಚ್ಚಿದ್ದ. ಅವರು ಅಡುಗೆಮನೆಯ ಎತ್ತರದ ಸ್ಟೂಲಿನ ಮೇಲೆ ಕುಳಿತರು.

ಕಟ್ಟೆಯ ಮೇಲೆ ಅಲ್ಯೂಮಿನಿಯಂ ಟ್ರೇಗಳು ಗೋಪುರವಾಗಿದ್ದವು. ಸ್ವರೂಪನ ಬಂಧನವಾದ ಮರುದಿನವೇ ಯಾರೋ ಆನ್‌ಲೈನಿನಲ್ಲಿ ಪಟ್ಟಿ ಮಾಡಿ, ಯಾವ ದಿನ ಯಾರ ಮನೆಯ ಊಟ ಎಂದು ಹಂಚಿಕೊಂಡಿದ್ದರು. ಬಿಸಿಬೇಳೆಬಾತ್ ಬರುತ್ತಿತ್ತು, ಪುಳಿಯೋಗರೆ ಬರುತ್ತಿತ್ತು. ತಂದವರು ಬಾಗಿಲಲ್ಲಿಟ್ಟು ಬೆಲ್ ಒತ್ತಿ ಕಾರಿಗೆ ಓಡುತ್ತಿದ್ದರು. ಒಳಗೆ ಬಂದು ಕುಳಿತವರಿಲ್ಲ. ಎಲ್ಲರಿಗೂ ತಮ್ಮ ತಮ್ಮ ವೀಸಾದ ಭಯವಿತ್ತು.

ಸ್ವರೂಪನ ಹೆಂಡತಿ ಸುಚೇತಾ ಕಾಫಿ ಲೋಟ ತಂದಿಟ್ಟಳು. ಕಣ್ಣಿನ ಸುತ್ತ ಕಪ್ಪು. ಮಗಳು ಜಾನ್ವಿ ಶನಿವಾರದ ಕನ್ನಡ ಕ್ಲಾಸಿಗೆ ಹೋಗಿದ್ದಳು.

"ಏನ್ ನಡದದ?" ಎಂದರು ನೀಲಾಂಬಿಕಾ, ಮೇಜಿನ ಮೇಲಿನ ಕಾಗದ ನೋಡಿ.

"ಏನಿಲ್ಲ ಮೇಡಂ. ಈ ಸುಚೇತಾಗೆ ಒಂದು ದಾರಿ ಮಾಡ್ತಿದೀನಿ," ಎಂದ ನಿರಂಜನ್. "ಡೆಟ್ರಾಯಿಟಿಗೆ ಹೋಗಿದ್ದ ಸ್ವರೂಪ್, ಅಲ್ಲಿಂದಲೇ ಮನೆ ಲ್ಯಾಪ್‌ಟಾಪಿಗೆ ಲಾಗಿನ್ ಆಗಿ ತಾನೇ ಸೈನ್ ಮಾಡಿದ್ದು ಅಂತ ಒಪ್ಕೊಂಡಿದಾನೆ. ಹದಿನಾಲ್ಕನೇ ಬಾವಿ ಒಂದರಲ್ಲಿ ಕಣ್ತಪ್ಪು. ಆವತ್ತು ಸಂಜೆ ಫೋನಲ್ಲಿ ಅವನು ಹೆಂಡತಿಗೂ ಹಾಗೇ ಹೇಳಿದ ಅಂತ ಇವಳೊಂದು ಸ್ಟೇಟ್‌ಮೆಂಟ್ ಕೊಟ್ರೆ, ಶಿಕ್ಷೆ ಕಡಿಮೆ ಆಗುತ್ತೆ. ಕಂಪನಿ ಅವನನ್ನ ಕೆಲಸದಿಂದ ತೆಗೆಯಲ್ಲ. ತೆಗೆದ್ರೆ ಏನಾಗುತ್ತೆ ಗೊತ್ತಲ್ಲ? ವೀಸಾ ಹೋಗುತ್ತೆ, ಅರವತ್ತು ದಿನ ಅಷ್ಟೆ. ಅಮ್ಮ ಮಗಳು ಗಂಟುಮೂಟೆ ಕಟ್ಟಬೇಕು. ಅವನು ಇಲ್ಲಿ ಜೈಲಲ್ಲಿ, ಇವರು ಅಲ್ಲಿ."

"ಫೋನಿನ್ಯಾಗ ಅವ ಹಂಗ ಹೇಳಿದ್ನೇನು, ತಂಗಿ?"

ಸುಚೇತಾ ತಲೆ ಅಲ್ಲಾಡಿಸಿದಳು. "ಊಟ ಆಯ್ತಾ ಅಂದ್ರು ಆಂಟಿ. ಜಾನ್ವಿ ಹೋಮ್‌ವರ್ಕ್ ಕೇಳಿದ್ರು. ಅಷ್ಟೆ."

"ಮರೆತಿರ್ತೀಯ," ಎಂದ ನಿರಂಜನ್ ಮೃದುವಾಗಿ. "ನೆನಪು ಮಾಡ್ಕೋಮ್ಮ."

ನೀಲಾಂಬಿಕಾ ಕಾಫಿಯನ್ನು ಒಂದು ಗುಟುಕು ಕುಡಿದು ಲೋಟವನ್ನು ಕಾಗದದ ಮೇಲೆಯೇ ಇಟ್ಟರು. ವೃತ್ತಾಕಾರದ ಕಲೆ ಮೂಡಿತು.

ಝರೂನ್ ಅರವತ್ತು ವರ್ಷ ಎಣ್ಣೆ ಮಾರಿ ಬದುಕಿದ ದೇಶ. ಇನ್ನು ಮೇಲೆ ಬಿಸಿಲು ಮಾರುತ್ತೇನೆ ಎಂದು ಜಗತ್ತಿಗೆ ಹೇಳಿತ್ತು. ಮರಳಿನ ಮೇಲೆ ದಿಗಂತದವರೆಗೆ ಸೋಲಾರ್ ಹಲಗೆ. ಬಾವಿಗಳ ನೆತ್ತಿಯ ಮೇಲೆ ಹಗಲೂ ಇರುಳೂ ಉರಿಯುವ ಬೆಂಕಿಗಳಿಗೆ ಕೊನೆ. ಶಿಕಾಗೋದ ಸಾಲ ಕೊಡುವವರು ಒಪ್ಪಿದ್ದರು. ಒಂದೇ ಷರತ್ತು: ಅನಿಲ ನಿಂತಿದೆಯೆಂದು ಮೂರನೆಯವರು ನೋಡಿ ಸಹಿ ಹಾಕಬೇಕು. ಆ ಮೂರನೆಯವರು ಪ್ರೇರಿಮಾರ್ಕ್.

ಆಕಾಶದಲ್ಲಿ ಸುತ್ತುವ ಉಪಗ್ರಹಕ್ಕೆ ಕಾಣುವುದು ಬೆಂಕಿಯ ಶಾಖ. ಬೆಂಕಿ ಆರಿಸಿದರೆ ಶಾಖವಿಲ್ಲ. ಅನಿಲ ಹಾಗೇ ಬುಸುಗುಡುತ್ತಿದ್ದರೂ ಅದಕ್ಕೆ ಬಣ್ಣವಿಲ್ಲ. ನಕ್ಷೆಯ ಮೇಲೆ ಕೆಂಪು ಚುಕ್ಕೆ ಅಳಿದು ಹಸಿರು ಚುಕ್ಕೆ ಬಂತು. ಹಸಿರಾದ ಮೇಲೆ ಭಯವೇನು? ಬೇಲಿ ಕಿತ್ತು, ಸೋಲಾರ್ ಹಲಗೆ ಜೋಡಿಸುವ ಕೂಲಿಗಳ ಊಟದ ಚಪ್ಪರವನ್ನು ಬಾವಿಯ ಬುಡಕ್ಕೇ ತಂದರು. ನಡೆದು ಹೋಗಿ ಬರುವ ಹತ್ತು ನಿಮಿಷ ಉಳಿಯುತ್ತದಂತೆ.

ಬಿಸಿಲನ್ನು ಹಿಡಿಯಲು ಹೋದವರು. ಎಣ್ಣೆಯೇ ಅವರನ್ನು ಹಿಡಿಯಿತು.

"ನಿನ್ನೆ ನಾ ಸ್ವರೂಪನ್ನ ನೋಡಿ ಬಂದೆ," ಎಂದರು ನೀಲಾಂಬಿಕಾ. "ಐದು ತಾಸು ಡ್ರೈವ್. ಅವ ಗಾಜಿನ ಆಚೆ, ನಾ ಈಚೆ."

"ಹೇಗಿದಾರೆ ಆಂಟಿ?"

"ತೆಳ್ಳಗಾಗ್ಯಾನ. ವಕೀಲರ ಒಂದು ಫಾರಂ ಇತ್ತು, ಕಿಂಡಿಯೊಳಗ ದಬ್ಬಿದೆ. 'ಸಹಿ ಹಾಕಪಾ' ಅಂದೆ. ಪೆನ್ ಹಿಡಕೊಂಡು ಗ್ವಾಡಿ ಗಡಿಯಾರ ನೋಡಿದ. ಹನ್ನೆರಡೂ ಐದು. 'ಹದಿನೈದು ನಿಮಿಷ ತಡೀರಿ ಆಂಟಿ' ಅಂದ."

ಸುಚೇತಾಳ ಮುಖದಲ್ಲಿ ಮೂರು ವಾರದಲ್ಲಿ ಮೊದಲ ಸಲ ನಗೆಯ ಎಳೆಯೊಂದು ಸುಳಿಯಿತು. "ರಾಹುಕಾಲ. ಅವರದ್ದು ಅದೊಂದು. ಈ ಮನೆ ಪೇಪರ್ಸಿಗೂ ಎಲ್ಲರನ್ನೂ ಕಾಯಿಸಿ ಸೈನ್ ಮಾಡಿದ್ರು."

"ನಾನೂ ಹಂಗ ತಿಳಿದೆ. 'ಇವತ್ತು ಶುಕ್ರವಾರ. ಹತ್ತೂವರೆಯಿಂದ ಹನ್ನೆರಡು. ಮುಗದು ಹೋತಲ್ಲೋ' ಅಂದೆ. ಅವ ಏನಂದ ಗೊತ್ತದೇನು? 'ಅದು ಊರಿನ ಟೈಮ್ ಆಂಟಿ. ಇಲ್ಲಿ ಸೂರ್ಯ ಬೇರೆ ಹೊತ್ತಿಗೆ ಹುಟ್ತಾನೆ. ನಾನು ಅರೋರಾ ಬಾಲಾಜಿ ದೇವಸ್ಥಾನದ ಪಂಚಾಂಗದ ಲೆಕ್ಕಾನೇ ಹಿಡಿಯೋದು. ಡೆಟ್ರಾಯಿಟಿಗೆ ಬಂದ್ರೆ ಇಲ್ಲೀ ಸೂರ್ಯೋದಯಕ್ಕೆ ಲೆಕ್ಕ ಹಾಕ್ಕೋತೀನಿ' ಅಂದ."

ನಿರಂಜನ್ ನಕ್ಕ. "ಎಂಜಿನಿಯರ್ ನೋಡಿ. ರಾಹುಗೂ ಟೈಮ್ ಝೋನ್ ಹಾಕಿದಾನೆ."

"ನಾನೂ ನಕ್ಕೆರಿ. ಆದ್ರ ಅವ ನಗಲಿಲ್ಲ. ಹೇಳಿ ಮುಗಿಸಿದ್ದೇ ತಡ ಅವನ ಮುಖ ಬಿಳಿಚಿತು. ಏನೋ ಹೇಳಬಾರದ್ದು ಹೇಳಿಬಿಟ್ಟೆ ಅನ್ನೂಹಂಗ. ಆಮ್ಯಾಲ ಒಂದೂ ಮಾತಾಡಲಿಲ್ಲ."

ಅವರು ಚೀಲದಿಂದ ದೇವಸ್ಥಾನದ ಪಂಚಾಂಗದ ಹಾಳೆ ತೆಗೆದು ಕಾಫಿ ಕಲೆಯ ಪಕ್ಕದಲ್ಲಿ ಬಿಡಿಸಿದರು. ಬೆಳಿಗ್ಗೆ ಅರೋರಾಕ್ಕೆ ಹೋಗಿ, ಭಟ್ಟರನ್ನು ಕಾಡಿ ತಂದದ್ದು. ಅಕ್ಟೋಬರ್ ಇಪ್ಪತ್ತನಾಲ್ಕು, ಶುಕ್ರವಾರ. ರಾಹುಕಾಲ ಹನ್ನೊಂದು ಹದಿನೇಳರಿಂದ ಹನ್ನೆರಡು ಮೂವತ್ತೇಳು.

"ಸಹಿ ಬಿದ್ದದ್ದು ಹನ್ನೆರಡೂ ನಾಕಕ್ಕ," ಎಂದರು. "ನಟ್ಟನಡುವಿನ ರಾಹುಕಾಲ. ಡೆಟ್ರಾಯಿಟಿನ ಸೂರ್ಯನ ಲೆಕ್ಕಾ ಹಿಡಿದ್ರೂ ಅದು ರಾಹುಕಾಲನ. ಜೈಲಿನೊಳಗ ಕುಂತು ವಕೀಲರ ಫಾರಂಗೂ ಸಹಿ ಹಾಕಲಾರದ ಮನಷ್ಯಾ, ತನ್ನ ನೌಕರಿಯ ಅತೀ ದೊಡ್ಡ ಕಾಗದಕ್ಕ ರಾಹುಕಾಲದಾಗ ಸಹಿ ಹಾಕಿದ ಅಂದ್ರ ನಾ ನಂಬೂದಿಲ್ರಿ."

"ಮೇಡಂ," ಎಂದ ನಿರಂಜನ್, "ಇದನ್ನ ಅಮೆರಿಕನ್ ಜಡ್ಜ್ ಮುಂದೆ ಇಡ್ತೀರಾ? ರಾಹು ಸಾಕ್ಷಿ ಹೇಳ್ತಾನಾ?"

"ಜಡ್ಜ್ ಬಿಡ್ರಿ. ನನಗ ಬೇಕಾದದ್ದು ನನಗ ಸಿಕ್ತು."

"ಏನೂ ಸಿಕ್ಕಿಲ್ಲ. ಎಲ್ಲರಿಗೂ ಗೊತ್ತಿರೋದು ಹತ್ತೂವರೆಯಿಂದ ಹನ್ನೆರಡು. ಹನ್ನೊಂದೂವರೆಗೇ ಎಲ್ಲಾ ರೆಡಿ ಇತ್ತು. ರಾಹುಕಾಲ ಕಳೀಲಿ ಅಂತ ಹನ್ನೆರಡು ದಾಟೋ ತನಕ ಕಾಯಿಸಿದ್ರು. ಆಮೇಲೆ ಸೈನ್ ಆಯ್ತು. ಸಿಂಪಲ್."

ನೀಲಾಂಬಿಕಾ ಪಂಚಾಂಗದ ಹಾಳೆ ಮಡಿಚಿದರು.

"ಯಾರು ಕಾಯಿಸಿದರು?" ಎಂದರು ನೀಲಾಂಬಿಕಾ.

"ಸ್ವರೂಪ್."

"ಆ ದಿನ ಸ್ವರೂಪನ ಫೋನಿನಿಂದ ನಿಮಗ ಒಂದೂ ಕರೆ ಬಂದಿಲ್ಲ. ನಿಮ್ಮಿಂದ ಅವಗ ಹೋಗಿಲ್ಲ. ಮೇಲ್ ಇಲ್ಲ, ಮೆಸೇಜ್ ಇಲ್ಲ. ಎಲ್ಲಾ ತಗಸಿ ನೋಡೇನಿ. ಕಾಯಾಕತ್ಯಾರ ಅಂತ ನಿಮಗ ಹ್ಯಾಂಗ ಗೊತ್ತಾತು?"

ನಿರಂಜನ್ ನೀಲಾಂಬಿಕಾರನ್ನು ನೋಡುತ್ತಿರಲಿಲ್ಲ. ಸುಚೇತಾಳನ್ನು ನೋಡುತ್ತಿದ್ದ.

ಸುಚೇತಾ ಎದ್ದು ಫ್ರಿಜ್ಜಿನ ಪಕ್ಕದ ಗೋಡೆಗೆ ಹೋಗಿದ್ದಳು. ಅಲ್ಲಿ ಮೈಸೂರಿನಿಂದ ಅತ್ತೆ ಪ್ರತಿ ವರ್ಷ ಕಳಿಸುವ ಕ್ಯಾಲೆಂಡರ್ ತೂಗುತ್ತಿತ್ತು. ಗಂಡ ಜೈಲಿಗೆ ಹೋದ ಮೇಲೆ ಯಾರೂ ಹಾಳೆ ತಿರುಗಿಸಿರಲಿಲ್ಲ; ಇನ್ನೂ ಅಕ್ಟೋಬರೇ ಇತ್ತು. ಅವಳ ಬೆರಳು ಇಪ್ಪತ್ತನಾಲ್ಕರ ಚೌಕದ ಮೇಲೆ ನಿಂತಿತ್ತು. ರಾಹುಕಾಲ, ಹತ್ತೂವರೆಯಿಂದ ಹನ್ನೆರಡು.

"ಹನ್ನೆರಡೂ ನಾಲ್ಕಾ, ಆಂಟಿ?"

"ಹೌದು, ತಂಗಿ."

"ಸಹಿ ಯಾವತ್ತು ಅಂತ ಪೇಪರಲ್ಲಿ ಬಂದಿತ್ತು. ಟೈಮ್ ಯಾರೂ ಹೇಳಿರಲಿಲ್ಲ." ಅವಳ ದನಿ ದೂರದಿಂದ ಬಂದಂತಿತ್ತು. "ಕಾದಿದ್ದು ನಾನು."

ಕಂಪನಿಯೊಳಗಿನ ಯಾರದೋ ಕೈ ಇರಬೇಕೆಂದು ಊಹಿಸಿ ಬಂದಿದ್ದರು ನೀಲಾಂಬಿಕಾ. ಸ್ವರೂಪ ಯಾರನ್ನು ಮುಚ್ಚಿಡುತ್ತಿದ್ದಾನೆ ಎಂಬುದು ಈಗ ಬೆಳಕಿನಷ್ಟು ನಿಚ್ಚಳವಾಯಿತು.

"ಸುಚೇತಾ, ಕೂತ್ಕೋ," ಎಂದ ನಿರಂಜನ್.

ಅವಳು ಕೂರಲಿಲ್ಲ. "ದೀಪಾವಳಿ ಪ್ರೋಗ್ರಾಮಿಗೆ ತಟ್ಟೆ ಒರೆಸ್ತಿದ್ದೆ. ನೀವು ಕಾಲ್ ಮಾಡಿದ್ರಿ ಸರ್. ಸ್ವರೂಪ್ ಡೆಟ್ರಾಯಿಟಲ್ಲಿ ಮೀಟಿಂಗಲ್ಲಿದಾನೆ, ಒಂದು ಫೈಲ್ ಕಳಿಸೋದು ಮರೆತಿದಾನೆ, ನಿನಗೆ ಹೇಳು ಅಂದ ಅಂದ್ರಿ. ಲ್ಯಾಪ್‌ಟಾಪ್ ತೆಗಿ, ಡ್ರಾಯರಲ್ಲಿ ಪೆನ್‌ಡ್ರೈವ್ ಥರದ ಒಂದು ಚಿಕ್ಕ ಕೀ ಇರುತ್ತೆ, ಚುಚ್ಚಿ ಹಸಿರು ಬಟನ್ ಒತ್ತು ಅಂದ್ರಿ. ನಾನು, ಅಯ್ಯೋ ಈಗ ರಾಹುಕಾಲ, ಅವರು ಈ ಹೊತ್ತಲ್ಲಿ ಆಫೀಸಿಂದು ಏನೂ ಕಳಿಸಲ್ಲ, ಹನ್ನೆರಡಾಗ್ಲಿ ಅಂದೆ. ನೀವು ಆಯ್ತಮ್ಮ ಅಂತ ನಕ್ರಿ."

"ನಾನು ಕಾಲ್ ಮಾಡಿದ್ದು ಪ್ರೋಗ್ರಾಮಿನ ವಿಷಯಕ್ಕೆ."

"ಅವರಿಗೆ ಒಳ್ಳೇದಾಗ್ಲಿ ಅಂತ ಕಾದೆ ಸರ್. ಗಡಿಯಾರ ನೋಡ್ತಾ ನಿಂತಿದ್ದೆ. ಹನ್ನೆರಡು ಹೊಡೆದ ಮೇಲೂ ಇರಲಿ ಅಂತ ನಾಲ್ಕು ನಿಮಿಷ ಬಿಟ್ಟೆ."

"ಏನೇನೋ ಕಲ್ಪಿಸ್ಕೋಬೇಡ." ನಿರಂಜನ್ ದನಿಯಲ್ಲಿದ್ದ ಮೃದುತನ ಹೋಗಿತ್ತು. "ಕಾಲ್ ಬಂದಿದ್ದಕ್ಕೆ ಲಾಗ್ ಇರುತ್ತೆ. ಏನು ಮಾತಾಡಿದ್ವಿ ಅನ್ನೋದಕ್ಕೆ ಇರಲ್ಲ. ನಿನ್ನ ಮಾತು, ನನ್ನ ಮಾತು. ಒತ್ತಿದ್ದು ನಿನ್ನ ಬೆರಳು. ಈಗ ನೀನು ಬಾಯಿ ಬಿಟ್ರೆ ಒಳಗೆ ಹೋಗೋದು ನಾನಲ್ಲಮ್ಮ. ಜಾನ್ವಿನ ಸ್ಕೂಲಿಂದ ಯಾರು ಕರ್ಕೊಂಡು ಬರ್ತಾರೆ ಯೋಚನೆ ಮಾಡಿದೀಯಾ?"

"ಸ್ವರೂಪ ಯಾಕ ಸಹಿ ಮಾಡದ ಹೋಗಿದ್ದ?" ಎಂದರು ನೀಲಾಂಬಿಕಾ.

"ಅನುಮಾನ, ಅನುಮಾನ! ಡೆಟ್ರಾಯಿಟಲ್ಲಿ ಯಾವುದೋ ಲ್ಯಾಬಿದೆಯಂತೆ, ಕಣ್ಣಿಗೆ ಕಾಣದ ಅನಿಲಾನೂ ಪತ್ತೆ ಮಾಡುತ್ತಂತೆ, ನೋಡ್ಕೊಂಡು ಬಂದು ಮಾಡ್ತೀನಿ ಅಂತ ಹೋದ. ಇಲ್ಲಿ ಝರೂನ್ ಮಂತ್ರಿ ಶಿಕಾಗೋದ ಹೋಟೆಲಲ್ಲಿ ಪೆನ್ ಹಿಡ್ಕೊಂಡು ಕೂತಿದಾನೆ. ಒಂದು ದೇಶ ಎಣ್ಣೆ ಬಿಟ್ಟು ಬದಲಾಗ್ತೀನಿ ಅಂತ ಹೊರಟಿದೆ ಮೇಡಂ. ಇಡೀ ಭೂಮಿಗೆ ಒಳ್ಳೇದು. ಅದನ್ನ ಒಬ್ಬ ಎಂಜಿನಿಯರ್ ಅನುಮಾನಕ್ಕೆ ನಿಲ್ಲಿಸಕ್ಕಾಗುತ್ತಾ? ದೊಡ್ಡ ಕೆಲಸದಲ್ಲಿ ಒಂದೆರಡು ಕಡೆ..."

ಅವನು ನಿಲ್ಲಿಸಿದ. ತಡವಾಗಿತ್ತು.

"ಹತ್ತೊಂಬತ್ತು," ಎಂದರು ನೀಲಾಂಬಿಕಾ. "ಒಂದೆರಡಲ್ಲ."

ಅವರು ಚೀಲದಿಂದ ಒಂದು ಫೋಟೋ ತೆಗೆದರು. ಮರಳಿನ ಮೇಲೆ ಬಿದ್ದ ಸ್ಟೀಲಿನ ಡಬ್ಬಿ. ಮುಚ್ಚಳ ಪಕ್ಕದಲ್ಲಿತ್ತು. ಅನ್ನ ಹಾಗೇ ಒಣಗಿತ್ತು. ಡಬ್ಬಿಯ ಹೊಟ್ಟೆಯ ಮೇಲೆ, ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರ: ಸೌ. ದೇವಮ್ಮ ಮಾನಪ್ಪ, ಸುರಪುರ.

ಸುಚೇತಾ ಅದನ್ನು ಓದಿದಳು. ಮತ್ತೆ ಓದಿದಳು. ಅವಳ ಕಣ್ಣು ಒಲೆಯ ಮೇಲಿನ ಹಾಲಿನ ಪಾತ್ರೆಗೆ ಹೋಯಿತು. ಅದರ ಮೇಲೂ ಅಂಥದೇ ಚುಕ್ಕಿಗಳಲ್ಲಿ ಅವಳ ತಾಯಿಯ ಹೆಸರಿತ್ತು.

"ಇವರೆಲ್ಲಾ ನಮ್ಮವರಾ?"

"ನಾಕು ಮಂದಿ ಯಾದಗಿರಿ ಕಡೆಯವರು. ಉಳಿದವರು ಬಿಹಾರ, ನೇಪಾಳ, ಬಂಗಾಳ. ನಮ್ಮವರಲ್ಲದವರು ಯಾರವ್ವ ಅದರಾಗ?" ನೀಲಾಂಬಿಕಾರ ದನಿ ಗಡುಸಾಯಿತು. "ಮೊದಲು ಕೊಳೆತ ತತ್ತಿ ವಾಸನಿ ಬರ್ತದ. ಆಮ್ಯಾಲ ಮೂಗಿಗೆ ತಿಳಿಯೂದಿಲ್ಲ. ವಾಸನಿ ಹೋತು ಅಂತ ಮತ್ತ ಉಣ್ಣಾಕ ಕುಂತಿದ್ದರು."

ಸುಚೇತಾ ಬಾಯಿಗೆ ಕೈ ಒತ್ತಿಕೊಂಡಳು.

"ಇನ್ನೊಂದು ಹೇಳಬೇಕು," ಎಂದರು ನೀಲಾಂಬಿಕಾ. "ಆ ಒಂದು ಬಟನ್ನಿಗೆ ಒಂದೇ ಬಾವಿಯಲ್ಲ. ಏಳು ಬಾವಿ ಹಸಿರಾದುವು. ಹದಿನಾಲ್ಕು ಕಣ್ತಪ್ಪು, ಉಳಿದ ಆರು ಸರಿ ಅಂತ ಈ ಸಾಹೇಬರ ಕಾಗದ ಹೇಳ್ತದ. ಸಹಿ ಸ್ವರೂಪಂದ ಅಂದ್ರ ಆ ಆರರ ಪ್ರಮಾಣಪತ್ರ ಹಂಗ ಉಳೀತಾವ. ಅಲ್ಲಾ ಅಂದ್ರ ಏಳೂ ಅವತ್ತ ರದ್ದು. ಆ ಆರು ಬಾವಿಯ ಬುಡಕ್ಕ ಇವತ್ತೂ ಊಟದ ಚಪ್ಪರ ಅದ."

"ಇವತ್ತೂನಾ?"

"ನಾಳೆನೂ."

ಮೇಜಿನ ಮೇಲಿದ್ದ ಸುಚೇತಾಳ ಫೋನ್ ನಡುಗಿತು. ಮೂರು ಜನರೂ ಅದನ್ನೇ ನೋಡಿದರು. ಶನಿವಾರ ಮಧ್ಯಾಹ್ನದ ಕರೆ. ಜೈಲಿನಲ್ಲಿ ಹದಿನೈದು ನಿಮಿಷ ಕೊಡುತ್ತಾರೆ.

ನಿರಂಜನ್ ಮೊದಲು ಎಚ್ಚೆತ್ತ. "ಸ್ಪೀಕರ್ ಹಾಕು. ಅವನನ್ನೇ ಕೇಳು. ಸೈನ್ ಮಾಡಬೇಕಾ ಬೇಡವಾ ಅಂತ ನಿನ್ನ ಗಂಡನ್ನೇ ಕೇಳು."

ಯಂತ್ರದ ಹೆಣ್ಣುದನಿ ಇಂಗ್ಲಿಷಿನಲ್ಲಿ ತನ್ನ ಪಾಠ ಒಪ್ಪಿಸಿತು. ಇದು ಬಂಧಿಯೊಬ್ಬನ ಕರೆ. ಈ ಸಂಭಾಷಣೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ, ಆಲಿಸಲಾಗುತ್ತಿದೆ. ಒಪ್ಪಿಗೆಯಿದ್ದರೆ ಒಂದನ್ನು ಒತ್ತಿ.

ಸುಚೇತಾಳ ಬೆರಳು ಗಾಳಿಯಲ್ಲಿ ನಿಂತಿತು. ಅವಳು ಗಡಿಯಾರ ನೋಡಲಿಲ್ಲ. ಒತ್ತಿದಳು.

"ಸುಚಿ? ಜಾನ್ವಿ ಕ್ಲಾಸಿಗೆ ಹೋದಳಾ?"

"ಹೋದಳು. ಇಲ್ಲಿ ನೀಲಾಂಬಿಕಾ ಆಂಟಿ ಇದಾರೆ. ನಿರಂಜನ್ ಸರ್ ಇದಾರೆ."

"ಸರ್ ತಂದಿರೋ ಪೇಪರ್ ಸೈನ್ ಮಾಡ್ಬಿಡು. ವಕೀಲರಿಗೆ ನಾನು ಹೇಳ್ಕೋತೀನಿ."

"ನಿಮಗೆ ಗೊತ್ತಿತ್ತಾ?"

"ಏನು?"

"ನಾನು ಅಂತ."

ನಿರಂಜನ್ ಕುರ್ಚಿಯಿಂದ ಎದ್ದ. ನೀಲಾಂಬಿಕಾರೂ ಎದ್ದರು. ಅವರ ಕೈ ಸುಚೇತಾಳ ಭುಜದ ಮೇಲೆ ಬಿತ್ತು. ಕಿವಿಯ ಹತ್ತಿರ ಪಿಸುಗುಟ್ಟಿದರು: "ಬ್ಯಾಡ, ತಂಗಿ. ಇದರಾಗ ಬ್ಯಾಡ. ಸೋಮವಾರ ವಕೀಲರು ಬರಲಿ, ಅವರ ಮುಂದ ಹೇಳೀಯಂತೆ. ನಿನಗ ಕುತ್ತು."

"ಸೋಮವಾರದವರೆಗೆ ಎಷ್ಟು ಊಟ ಆಗುತ್ತೆ ಆಂಟಿ ಅಲ್ಲಿ?"

ನೀಲಾಂಬಿಕಾರ ಕೈ ತಾನಾಗಿ ಕೆಳಗೆ ಇಳಿಯಿತು.

"ಸುಚಿ," ಎಂದ ಸ್ವರೂಪ. "ಟೈಮ್ ನೋಡಿದ ತಕ್ಷಣ ಗೊತ್ತಾಯ್ತು ಕಣೆ. ನಮ್ಮಮ್ಮನ ಕ್ಯಾಲೆಂಡರ್ ನೋಡ್ಕೊಂಡು ನನಗೋಸ್ಕರ ಕಾಯೋರು ಇನ್ಯಾರಿದಾರೆ? ಬಿಟ್ಬಿಡು. ನನ್ನ ಹೆಸರಲ್ಲೇ ಇರ್ಲಿ. ಒಬ್ಬರು ಹೊರಗಿರಬೇಕು, ಜಾನ್ವಿಗೆ."

"ಆರು ಬಾವಿ ಇದೆಯಂತೆ."

"ಸುಚಿ, ಈ ಕಾಲ್ ರೆಕಾರ್ಡ್ ಆಗ್ತಿದೆ."

"ಗೊತ್ತು. ಅದಕ್ಕೇ ಈಗಲೇ ಹೇಳ್ತಿದೀನಿ." ಅವಳು ಫೋನನ್ನು ಬಾಯಿಯ ಹತ್ತಿರ ತಂದು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ನನ್ನ ಹೆಸರು ಸುಚೇತಾ. ಅಕ್ಟೋಬರ್ ಇಪ್ಪತ್ತನಾಲ್ಕು, ಮಧ್ಯಾಹ್ನ ಹನ್ನೆರಡೂ ನಾಲ್ಕಕ್ಕೆ ಆ ಬಟನ್ ಒತ್ತಿದ್ದು ನನ್ನ ಗಂಡ ಅಲ್ಲ."

ನಿರಂಜನ್ ಮೇಜನ್ನು ಬಳಸಿಕೊಂಡು ಬಂದ. ಟ್ರೇಗಳ ಗೋಪುರ ಅವನ ಮೊಣಕೈ ತಾಗಿ ನೆಲಕ್ಕೆ ಉರುಳಿತು. "ಕಟ್ ಮಾಡು! ಆ ಫೋನ್ ಕೊಡು ಇಲ್ಲಿ!"

ನೀಲಾಂಬಿಕಾ ಅಡ್ಡ ನಿಂತರು.

"ಫೋನ್ ಇಡು ಸುಚಿ!" ಎಂದು ಐದು ತಾಸಿನ ದಾರಿಯಾಚೆಯಿಂದ ಸ್ವರೂಪ ಕೂಗಿದ. "ನಿನ್ನ ಕಾಲಿಗೆ ಬೀಳ್ತೀನಿ, ಇಡು!"

"ಇಡಲ್ಲ," ಎಂದಳು ಸುಚೇತಾ.